ಲಾಂಛನದ ಆನೆಯೂ ಗದ್ದೆಯ ಆನೆಯೂ



ರಾಜ್ಯಗಳ ಲಾಂಛನಗಳನ್ನೂ ಅವುಗಳ ಆಡಳಿತದ ರಚನೆಯನ್ನೂ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನಮಗೆ ಅಪ್ಪಣೆಯಾಗಿದೆ. ವಿಷಯವು ಪಾಠಶಾಲೆಯ ವಾಸನೆಯುಳ್ಳದ್ದು. ಮಧ್ಯಾಹ್ನದ ತರಗತಿಯಲ್ಲಿ ಇದನ್ನು ಬೋಧಿಸುವಾಗ ಎಷ್ಟು ಮಂದಿ ವಿದ್ಯಾರ್ಥಿಗಳು ಸುಖನಿದ್ರೆಗೆ ವಶರಾಗುತ್ತಾರೆಂಬುದನ್ನು ಕಾಲೇಜಿನ ಉಪಾಧ್ಯಾಯರಾದ ನಾವೇ ಚೆನ್ನಾಗಿ ಬಲ್ಲೆವು. ಆದಕಾರಣ ಪುಸ್ತಕವನ್ನು ಬದಿಗಿಟ್ಟು, ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಒಂದು ಮನೆಯ ಜಗಲಿಯಿಂದ ಈ ಮಾತನ್ನು ಆರಂಭಿಸುತ್ತೇವೆ.

ಆಲೂರು ಸಕಲೇಶಪುರಗಳ ಗುಡ್ಡಗಾಡನ್ನು ರೈಲಿನ ಕಿಟಕಿಯಿಂದ ಕಂಡವರು ತಮ್ಮಲ್ಲಿ ಬಹು ಮಂದಿ ಇರಬಹುದು. ಹೇಮಾವತಿಯ ತಿರುವುಗಳು, ಇಳಿಜಾರಿನಲ್ಲಿ ಮರಗಳ ನೆರಳಿಗೆ ಹಬ್ಬಿದ ಕಾಫಿಯ ತೋಟಗಳು, ಎರಡು ಗುಡ್ಡಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳು, ಎಲ್ಲಕ್ಕೂ ಮೇಲೆ ಹಾಸಿದ ಮಂಜು. ಹಾದುಹೋಗುವವರಿಗೆ ಇದು ಚಿತ್ರಪಟ. ಅಲ್ಲಿಯೇ ವಾಸಿಸುವವರಿಗೆ ಆ ನೆರಳಿನ ಅರ್ಥವೇ ಬೇರೆ. ಹಗಲೆಲ್ಲ ಕಾಡಾನೆಗಳು ತೋಟದ ನೆರಳಿನಲ್ಲಿ ನಿಂತು, ಕೆರೆಯ ನೀರನ್ನು ಕುಡಿದು, ಹಲಸು ಬಾಳೆಗಳನ್ನು ತಿಂದು, ಕತ್ತಲಾದೊಡನೆ ಗದ್ದೆಗೆ ಇಳಿಯುತ್ತವೆ. ಬತ್ತವು ತೆನೆಗಟ್ಟಿದ ಕಾಲದಲ್ಲಿ ಈ ಭೇಟಿ ನಿತ್ಯದ ವ್ರತದಂತೆ ತಪ್ಪದೆ ನಡೆಯುತ್ತದೆ.

ಅಂಥ ಒಂದು ಕಾರ್ತಿಕದ ಸಂಜೆ ನಾವು ಸ್ನೇಹಿತರೊಬ್ಬರ ಮನೆಯಲ್ಲಿ ಅತಿಥಿಗಳಾಗಿದ್ದೆವು. ಸ್ನೇಹಿತರ ತಂದೆಯವರು ವೃದ್ಧರು; ಕೆಲವು ಎಕರೆ ಕಾಫಿಯನ್ನೂ ಅದರ ಕೆಳಗೆ ಒಂದಿಷ್ಟು ಗದ್ದೆಯನ್ನೂ ಇಟ್ಟುಕೊಂಡು ಬಾಳಿದವರು. ಆನೆಗಳ ಗುಂಪೊಂದು ಸಮೀಪದಲ್ಲಿದೆ, ಎಚ್ಚರದಿಂದಿರಬೇಕು ಎಂಬ ಸಂದೇಶವು ಮನೆಯವರ ದೂರವಾಣಿಗೆ ಬಂದಿತ್ತು. ದೂರದಲ್ಲಿ ಪಟಾಕಿಯ ಸದ್ದು ಕೇಳುತ್ತಿತ್ತು. ಆ ಹಿರಿಯರು ಮಾತ್ರ ದೀಪದ ಕೆಳಗೆ ಕುಳಿತು, ಹಿಂದಿನ ತಿಂಗಳಲ್ಲಿ ಆದ ಬೆಳೆನಷ್ಟಕ್ಕೆ ಪರಿಹಾರ ಬೇಡುವ ಅರ್ಜಿಯನ್ನು ಬರೆಸುತ್ತಿದ್ದರು. ಮೇಜಿನ ಮೇಲೆ ಸರ್ಕಾರದಿಂದ ಹಿಂದೆಂದೋ ಬಂದ ಪತ್ರವೊಂದು ಬಿದ್ದಿತ್ತು. ಅದರ ತಲೆಯ ಮೇಲೆ ಕರ್ನಾಟಕದ ಲಾಂಛನ: ನಡುವೆ ಗಂಡಭೇರುಂಡ, ಅದನ್ನು ಎರಡು ಪಕ್ಕಗಳಲ್ಲಿ ಹಿಡಿದು ನಿಂತ ಎರಡು ಮೃಗಗಳು. ಹಿರಿಯರು ಅದನ್ನು ಬೆರಳಿನಿಂದ ಮುಟ್ಟಿ ನಮ್ಮನ್ನು ಕೇಳಿದರು:

“ಮೇಷ್ಟ್ರೇ, ಈ ಕಾಗ್ದದ ಮೇಲೂ ಎರಡು ಆನೆ ಐತೆ, ಗದ್ದೇಲೂ ಆನೆ ಐತೆ. ಕಾಗ್ದದ ಆನೆಗೆ ಅರ್ಜಿ ಬರೆದ್ರೆ ಗದ್ದೆ ಆನೆ ಎದ್ದು ಹೋಯ್ತದಾ?”

ನಾವು ಉಪಾಧ್ಯಾಯರಲ್ಲವೆ? ಒಡನೆಯೇ ಪಾಠ ಹೇಳಿದೆವು. ಅವು ಆನೆಗಳಲ್ಲ, ಸಿಂಹದ ಮೈಗೆ ಆನೆಯ ತಲೆಯನ್ನು ಕೂಡಿಸಿದ ಕಲ್ಪನೆಯ ಪ್ರಾಣಿಗಳು, ಗಜಕೇಸರಿ ಎಂದೂ ಶರಭವೆಂದೂ ಅವುಗಳನ್ನು ಕರೆಯುತ್ತಾರೆ ಎಂದೆವು. ಹಿರಿಯರು ನಕ್ಕು, “ಸಿಂಹಾನೂ ಸೇರ್ಕೊಂಡ್ರೆ ಇನ್ನೂ ಕಷ್ಟ ಬಿಡಿ” ಎಂದರು.

ಅವರ ನಗೆಯಲ್ಲಿ ಇದ್ದ ಪ್ರಶ್ನೆಗೆ ನಮ್ಮ ಪಾಠವು ಉತ್ತರವಾಗಿರಲಿಲ್ಲ. ಲಾಂಛನವೆಂಬುದು ರಾಜ್ಯವು ತನ್ನನ್ನು ತಾನು ಚಿತ್ರಿಸಿಕೊಂಡ ಬಗೆ. ಆಡಳಿತದ ರಚನೆಯೆಂಬುದು ಆ ಚಿತ್ರದ ಹಿಂದೆ ಕೆಲಸ ಮಾಡುವ ಕೈಕಾಲುಗಳು. ಚಿತ್ರಕ್ಕೂ ಕೈಕಾಲಿಗೂ ಸಂಬಂಧವಿದೆಯೆ ಎಂಬುದು ಆ ಹಿರಿಯರ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಮೊದಲು ಬಹು ದೂರದ ಒಂದು ದೇಶಕ್ಕೆ ಹೋಗಿ, ಅನಂತರ ಮರಳಿ ಇದೇ ಜಗಲಿಗೆ ಬರೋಣ.

ಆ ದೇಶ ದಕ್ಷಿಣ ಅಮೆರಿಕದ ಬ್ರೆಜಿಲ್. ಅದು ನಮ್ಮ ನೆನಪಿಗೆ ಬಂದ ಕಾರಣ ಜಗಲಿಯ ಮುಂದಿನ ಕಣದಲ್ಲಿ ಒಣಗಲು ಹರಡಿದ್ದ ಕಾಫಿ. ನಮ್ಮ ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳಲ್ಲಿ. ಆದರೂ ಕಾಫಿಯ ಎಲೆಯೊಂದೂ ನಮ್ಮ ಲಾಂಛನದಲ್ಲಿಲ್ಲ. ಪ್ರಪಂಚದಲ್ಲಿ ಎಲ್ಲರಿಗಿಂತ ಅಧಿಕವಾಗಿ ಕಾಫಿ ಬೆಳೆಯುವ ಬ್ರೆಜಿಲ್ ದೇಶವಾದರೋ ಅದನ್ನು ತನ್ನ ಲಾಂಛನದಲ್ಲಿಯೇ ಕುಳ್ಳಿರಿಸಿಕೊಂಡಿದೆ. ನಡುವೆ ಐದು ಮೊನೆಗಳ ದೊಡ್ಡ ನಕ್ಷತ್ರ. ಒಂದು ಪಕ್ಕದಲ್ಲಿ ಹಣ್ಣು ತುಂಬಿದ ಕಾಫಿಯ ಕೊಂಬೆ, ಇನ್ನೊಂದು ಪಕ್ಕದಲ್ಲಿ ಹೂ ಬಿಟ್ಟ ಹೊಗೆಸೊಪ್ಪಿನ ಕೊಂಬೆ. ಕೆಳಗೆ ದೇಶದ ಹೆಸರು ಮತ್ತು ೧೮೮೯ನೆಯ ನವೆಂಬರ್ ೧೫ ಎಂಬ ದಿನಾಂಕ. ಚಕ್ರವರ್ತಿಯನ್ನು ಇಳಿಸಿ ಗಣರಾಜ್ಯವನ್ನು ಸಾರಿದ ದಿನ ಅದು. ಹಸುರು ಬಟ್ಟೆಯ ಮೇಲೆ ಹಳದಿಯ ವಜ್ರಾಕೃತಿ, ಅದರೊಳಗೆ ನೀಲಿಯ ಗೋಳ, ಗೋಳದಲ್ಲಿ ೨೭ ನಕ್ಷತ್ರಗಳು: ಇದು ಅವರ ಧ್ವಜ. ಅಂದಿನ ರಿಯೊ ನಗರದ ಆಕಾಶವನ್ನೇ ಅಲ್ಲಿ ಚಿತ್ರಿಸಿದೆ ಎನ್ನುತ್ತಾರೆ. ೨೬ ರಾಜ್ಯಗಳಿಗೂ ರಾಜಧಾನಿಯ ಜಿಲ್ಲೆಗೂ ಒಂದೊಂದು ನಕ್ಷತ್ರ. ‘ವ್ಯವಸ್ಥೆ ಮತ್ತು ಪ್ರಗತಿ’ ಎಂಬ ಅರ್ಥದ ಮಾತು ಗೋಳದ ಮೇಲಿನ ಪಟ್ಟಿಯಲ್ಲಿದೆ. ಅದು ಫ್ರೆಂಚ್ ತತ್ತ್ವಜ್ಞ ಆಗಸ್ಟ್ ಕೋಂಟನ ವಿಚಾರದಿಂದ ಬಂದದ್ದು.

ಆಡಳಿತದ ರಚನೆಯನ್ನು ಸಂಗ್ರಹವಾಗಿ ಹೇಳಬಹುದು. ನಮ್ಮಲ್ಲಿ ಶಾಸನಸಭೆಯ ಬಹುಮತವುಳ್ಳವರು ಮಂತ್ರಿಗಳಾಗುತ್ತಾರೆ; ಅಲ್ಲಿ ಜನರು ನೇರವಾಗಿ ನಾಲ್ಕು ವರ್ಷಗಳ ಅವಧಿಗೆ ಅಧ್ಯಕ್ಷನನ್ನು ಆರಿಸುತ್ತಾರೆ, ಅಧ್ಯಕ್ಷನು ಮಂತ್ರಿಗಳನ್ನು ನೇಮಿಸಿಕೊಳ್ಳುತ್ತಾನೆ. ಕೆಳಮನೆಯಲ್ಲಿ ೫೧೩ ಸದಸ್ಯರು. ಮೇಲ್ಮನೆಯಲ್ಲಿ ಪ್ರತಿಯೊಂದು ರಾಜ್ಯಕ್ಕೂ ರಾಜಧಾನಿಯ ಜಿಲ್ಲೆಗೂ ಮೂವರಂತೆ ೮೧ ಮಂದಿ. ಸರ್ವೋಚ್ಚ ನ್ಯಾಯಸ್ಥಾನದಲ್ಲಿ ೧೧ ಮಂದಿ ನ್ಯಾಯಾಧೀಶರು. ೧೯೬೪ರಿಂದ ೧೯೮೫ರವರೆಗಿನ ಸೈನ್ಯಾಡಳಿತವು ಮುಗಿದ ಮೇಲೆ, ೧೯೮೮ರಲ್ಲಿ ಈಗಿನ ರಾಜ್ಯಾಂಗವು ಜಾರಿಗೆ ಬಂದಿತು. ಅದು ಊರುಗಳ ಪುರಸಭೆಗಳನ್ನೂ ರಾಜ್ಯಗಳೊಂದಿಗೆ ದೇಶದ ಅಂಗಗಳೆಂದೇ ಎಣಿಸುತ್ತದೆ. ಹದಿನೆಂಟರಿಂದ ಎಪ್ಪತ್ತು ವರ್ಷದೊಳಗಿನ ಅಕ್ಷರಸ್ಥರಿಗೆಲ್ಲ ಮತ ಹಾಕುವುದು ಅಲ್ಲಿ ಕಡ್ಡಾಯ.

ಇಷ್ಟು ಪಾಠ. ಪಾಠದ ಅಡಿಯಲ್ಲಿ ಒಂದು ಕಥೆಯಿದೆ. ಕಾಫಿಯ ಕೊಂಬೆ ಲಾಂಛನವನ್ನು ಏರಿದ್ದು ಗಣರಾಜ್ಯದ ಕಾಲದಲ್ಲಲ್ಲ. ೧೮೨೨ರಲ್ಲಿ ಬ್ರೆಜಿಲ್ ಸ್ವತಂತ್ರ ಸಾಮ್ರಾಜ್ಯವಾದಾಗಲೇ. ಆಗ ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. ಕೊಂಬೆಯನ್ನು ಲಾಂಛನಕ್ಕೆ ಏರಿಸಿದ ಕೈಗಳು ಬೇರೆ. ಕೊಂಬೆಯಿಂದ ಹಣ್ಣನ್ನು ಬಿಡಿಸಿದ ಕೈಗಳು ಬೇರೆ. ೧೮೮೮ನೆಯ ಮೇ ೧೩ರಂದು ಗುಲಾಮಗಿರಿಯು ರದ್ದಾಯಿತು. ಅಮೆರಿಕ ಖಂಡಗಳಲ್ಲೆಲ್ಲ ಕಡೆಯದಾಗಿ ಅದನ್ನು ಬಿಟ್ಟ ದೇಶ ಬ್ರೆಜಿಲ್. ಬಿಡುಗಡೆಯಾದವರಿಗೆ ಭೂಮಿಯಿರಲಿಲ್ಲ, ಅಕ್ಷರವಿರಲಿಲ್ಲ. ಓದುಬರಹ ಬಾರದವರನ್ನು ಮತದಾರರ ಪಟ್ಟಿಗೆ ಹೊಸದಾಗಿ ಸೇರಿಸಕೂಡದೆಂದು ೧೮೮೧ರ ಕಾನೂನು ಮೊದಲೇ ವಿಧಿಸಿತ್ತು; ಗಣರಾಜ್ಯವೂ ಆ ಬಾಗಿಲನ್ನು ತೆರೆಯಲಿಲ್ಲ. ೧೯೩೦ರವರೆಗೆ ಕಾಫಿ ಬೆಳೆಯುವ ಸಾವೊ ಪಾಲೊ ರಾಜ್ಯದವರೂ ಹೈನುಗಾರಿಕೆಯ ಮಿನಾಸ್ ಜೆರಾಯಿಸ್ ರಾಜ್ಯದವರೂ ಅಧ್ಯಕ್ಷ ಪದವಿಯನ್ನು ಬಹುಮಟ್ಟಿಗೆ ತಮ್ಮೊಳಗೇ ಹಂಚಿಕೊಳ್ಳುತ್ತಿದ್ದರು. ಇದಕ್ಕೆ ಅಲ್ಲಿಯ ಜನರು ಇಟ್ಟ ಹೆಸರು ‘ಹಾಲು-ಕಾಫಿಯ ರಾಜಕೀಯ’. ಹಾಲೂ ಕಾಫಿಯೂ ಲೋಟದಲ್ಲಿ ಸೇರಿದಾಗ ಎಷ್ಟು ಹಿತವೋ ರಾಜ್ಯಾಡಳಿತದಲ್ಲಿ ಸೇರಿದಾಗ ಅಷ್ಟು ಹಿತವಲ್ಲವೆಂದು ತೋರುತ್ತದೆ. ಓದುಬರಹವಿಲ್ಲದ ಬ್ರೆಜಿಲಿಯನನಿಗೆ ಮತದ ಹಕ್ಕು ಮರಳಿ ದೊರೆತದ್ದು ೧೯೮೫ರಲ್ಲಿ. ಲಾಂಛನದಲ್ಲಿ ಸ್ಥಳ ದೊರೆಯುವುದು ಸುಲಭ. ಮತದಾರರ ಪಟ್ಟಿಯಲ್ಲಿ ಸ್ಥಳ ದೊರೆಯುವುದು ಕಷ್ಟ. ಒಂದು ರಾಜ್ಯವನ್ನು ತಿಳಿಯಬೇಕಾದರೆ ಈ ಎರಡನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಬೇಕು.

ಈಗ ನಮ್ಮ ಗಂಡಭೇರುಂಡದ ಕಡೆಗೆ ತಿರುಗೋಣ. ಈ ಎರಡು ತಲೆಯ ಹಕ್ಕಿ ಕನ್ನಡನಾಡಿನಲ್ಲಿ ಬಹು ಹಳೆಯದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ೧೦೪೭ರಲ್ಲಿ ನಿಲ್ಲಿಸಿದ ಎತ್ತರವಾದ ಕಂಬದ ಮೇಲೆ ಅದು ಕುಳಿತಿತ್ತು. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದು ಆನೆಗಳನ್ನೇ ಕೊಕ್ಕಿನಲ್ಲಿಯೂ ಉಗುರಿನಲ್ಲಿಯೂ ಎತ್ತಿಕೊಂಡು ಹಾರುತ್ತದೆ. ಮೈಸೂರಿನ ಅರಸರು ಅದನ್ನು ತಮ್ಮ ಬಿರುದಾಗಿ ಹೊತ್ತರು. ಅರಸೊತ್ತಿಗೆ ಹೋದ ಮೇಲೆಯೂ ಹಕ್ಕಿ ಹಾರಿಹೋಗಲಿಲ್ಲ. ಅದರ ತಲೆಯ ಮೇಲೆ ಅಶೋಕನ ಸಿಂಹಗಳು ಬಂದು ನಿಂತವು. ಕಾಲಡಿಯಲ್ಲಿ ‘ಸತ್ಯಮೇವ ಜಯತೇ’ ಎಂಬ ಮಾತು ಬಂದಿತು. ನಾಡಗೀತೆಯ ವಿಷಯದಲ್ಲಿಯೂ ಹೀಗೆಯೇ. ಬಸವಪ್ಪಶಾಸ್ತ್ರಿಗಳು ರಚಿಸಿದ ಮೈಸೂರಿನ ಗೀತೆಯು ದೊರೆಯನ್ನು ಕಾಯೆಂದು ದೇವಿಯನ್ನು ಬೇಡುತ್ತಿತ್ತು. ೨೦೦೪ರಲ್ಲಿ ನಾಡಗೀತೆಯಾಗಿ ಅಂಗೀಕೃತವಾದ ಕುವೆಂಪು ಅವರ ಗೀತೆಯು ದೊರೆಯನ್ನು ಬಿಟ್ಟು ನಾಡನ್ನೇ ತಾಯಿಯೆಂದು ಕರೆಯುತ್ತದೆ.

ಗಂಡಭೇರುಂಡವನ್ನು ನೋಡಬೇಕೆನ್ನುವವರು ಸಕಲೇಶಪುರದ ನೆರೆಯ ತಾಲ್ಲೂಕಾದ ಬೇಲೂರಿಗೆ ಹೋಗಬಹುದು. ೧೧೧೭ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವನ ದೇವಾಲಯದಲ್ಲಿ ಒಂದು ಶಿಲ್ಪವಿದೆ. ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ. ಹೆಬ್ಬಾವನ್ನು ಆನೆ ಹಿಡಿದಿದೆ. ಆನೆಯ ಮೇಲೆ ಸಿಂಹ, ಸಿಂಹದ ಮೇಲೆ ಶರಭ, ಶರಭದ ಮೇಲೆ ಗಂಡಭೇರುಂಡ. ಬಲಿಷ್ಠನಿಗೆ ಬಲಿಷ್ಠನುಂಟು ಎಂಬುದನ್ನು ಶಿಲ್ಪಿ ಕಲ್ಲಿನಲ್ಲಿ ಬರೆದಿದ್ದಾನೆ. ಈ ಸರಪಣಿಯ ಮೇಲಿನ ತುದಿ ರಾಜ್ಯದ ಲಾಂಛನವಾಯಿತು. ನಡುವಣ ಶರಭವೂ ಅದರ ಪಕ್ಕದಲ್ಲಿ ನಿಂತಿತು. ಆನೆ ರಾಜ್ಯದ ಪ್ರಾಣಿಯಾಯಿತು. ಕೆಳಗಿನ ಜಿಂಕೆ ಮಾತ್ರ ಯಾವುದಕ್ಕೂ ಲಾಂಛನವಾಗಲಿಲ್ಲ. ರಾಜ್ಯಾಂಗದ ಚರಿತ್ರೆಯೆಂದರೆ, ಒಂದು ದೃಷ್ಟಿಯಿಂದ, ಆ ಜಿಂಕೆಗೆ ದನಿ ದೊರೆತ ಚರಿತ್ರೆ.

ಈ ಚರಿತ್ರೆ ನಮ್ಮಲ್ಲಿ ಆರಂಭವಾದದ್ದು ೧೮೮೧ರಲ್ಲಿ. ಬ್ರೆಜಿಲ್ ದೇಶವು ನಿರಕ್ಷರಿಗೆ ಬಾಗಿಲು ಮುಚ್ಚಿದ ವರ್ಷವೂ ಅದೇ ಎಂಬುದನ್ನು ಶ್ರೋತೃಗಳು ನೆನೆಯಬೇಕು. ಆ ವರ್ಷ ದಿವಾನ್ ರಂಗಾಚಾರ್ಲು ಅವರು ದಸರೆಯ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದರು. ಅಕ್ಟೋಬರ್ ೭ರಂದು ನಡೆದ ಮೊದಲ ಸಭೆಗೆ ೧೪೪ ಮಂದಿ ಬಂದಿದ್ದರು. ಅವರು ಭೂಮಾಲೀಕರು, ವರ್ತಕರು, ಊರಿನ ಗಣ್ಯರು. ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರ ವರದಿಯನ್ನು ಕೇಳಿ, ತಮ್ಮ ಸೀಮೆಯ ಕುಂದುಕೊರತೆಗಳನ್ನು ಹೇಳಿಕೊಳ್ಳುವ ಅವಕಾಶವಿತ್ತು. ಅದೂ ಸಣ್ಣ ಸಂಗತಿಯಲ್ಲ. ಮಂಜರಾಬಾದಿನಲ್ಲಿ ಕಾಫಿಯ ತೋಟವನ್ನಿಟ್ಟಿದ್ದ ರಾಬರ್ಟ್ ಎಲಿಯಟ್ ಎಂಬಾತನು ೧೮೯೪ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಚಿನ್ನ, ಬೇಟೆ, ಕಾಫಿಗಳ ಸಂಗಡ ಈ ಸಭೆಯ ವಿಚಾರವನ್ನೂ ಬರೆದಿದ್ದಾನೆ. ಮಂಜರಾಬಾದ್ ಎಂದರೆ ಇಂದಿನ ಸಕಲೇಶಪುರ ತಾಲ್ಲೂಕಿನ ಹಳೆಯ ಹೆಸರು. ಟಿಪ್ಪು ಸುಲ್ತಾನನು ೧೭೯೨ರಲ್ಲಿ ಪೂರ್ತಿಗೊಳಿಸಿದ ನಕ್ಷತ್ರಾಕಾರದ ಕೋಟೆ ಇಂದಿಗೂ ಆ ಹೆಸರನ್ನು ಹೊತ್ತು ಗುಡ್ಡದ ಮೇಲೆ ಕುಳಿತಿದೆ. ಆ ಕೋಟೆಯ ಕೆಳಗೆ ಇದ್ದ ತೋಟದ ಧಣಿಯ ಮಾತು ಮೈಸೂರಿಗೆ ಮುಟ್ಟುತ್ತಿತ್ತು. ಅವನ ತೋಟದಲ್ಲಿ ಹಣ್ಣು ಬಿಡಿಸಿದ ಕೂಲಿಯ ಮಾತು ಮುಟ್ಟುತ್ತಿರಲಿಲ್ಲ.

ಮುಂದಿನ ಮೆಟ್ಟಿಲುಗಳನ್ನು ಬೇಗನೆ ಏರಬಹುದು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು. ೧೯೨೩ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ದೊರೆತು, ಸ್ತ್ರೀಯರಿಗೂ ಮತದ ಹಕ್ಕು ಬಂದಿತು. ಆದರೆ ಆಸ್ತಿ ವಿದ್ಯೆಗಳ ಅರ್ಹತೆ ಬೇಕಾಗಿತ್ತು. ೧೯೪೭ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನಾಯಕತ್ವದಲ್ಲಿ ಜವಾಬ್ದಾರಿ ಸರ್ಕಾರವು ಸ್ಥಾಪಿತವಾಯಿತು. ೧೯೫೧ರಲ್ಲಿ ಆರಂಭವಾಗಿ ೧೯೫೨ರಲ್ಲಿ ಮುಗಿದ ಮೊದಲ ಮಹಾಚುನಾವಣೆಯಲ್ಲಿ ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮತವಿತ್ತು. ಅಕ್ಷರ ಬಾರದವರಿಗೆ ಬಾಗಿಲು ಮುಚ್ಚುವುದಕ್ಕೆ ಬದಲಾಗಿ, ಅವರ ಕಣ್ಣಿಗೆ ಗುರುತು ಸಿಕ್ಕುವಂತೆ ಒಬ್ಬೊಬ್ಬ ಅಭ್ಯರ್ಥಿಯ ಪೆಟ್ಟಿಗೆಗೂ ಒಂದೊಂದು ಚಿಹ್ನೆಯನ್ನು ಅಂಟಿಸಿದರು. ಲಾಂಛನಗಳ ಚರಿತ್ರೆಯಲ್ಲಿ ನಮ್ಮ ದೇಶವು ಮಾಡಿದ ದೊಡ್ಡ ಕೆಲಸ ಇದೇ ಎಂದು ನಮ್ಮ ಅಭಿಪ್ರಾಯ. ದೊರೆಯ ಹಿರಿಮೆಯನ್ನು ಸಾರುತ್ತಿದ್ದ ಚಿತ್ರವು ಕೂಲಿಗೆ ಸೇವಕನಾಗಿ ಬಂದು ನಿಂತಿತು. ಬ್ರೆಜಿಲ್ ದೇಶವು ಇದಕ್ಕೆ ಇನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು.

೧೯೫೬ನೆಯ ನವೆಂಬರ್ ೧ರಂದು ಕನ್ನಡನಾಡು ಒಂದಾಯಿತು. ೧೯೭೩ರ ಅದೇ ದಿನ ಕರ್ನಾಟಕವೆಂಬ ಹೆಸರನ್ನು ತಳೆಯಿತು. ಇಂದು ವಿಧಾನಸಭೆಯಲ್ಲಿ ೨೨೪ ಸ್ಥಾನಗಳು, ವಿಧಾನಪರಿಷತ್ತಿನಲ್ಲಿ ೭೫. ಆಲೂರು ಸಕಲೇಶಪುರಗಳು ಸೇರಿ ಒಂದು ಕ್ಷೇತ್ರ. ೨೦೦೮ರಿಂದ ಅದು ಪರಿಶಿಷ್ಟ ಜಾತಿಯವರಿಗೆ ಮೀಸಲು. ತೋಟದ ಧಣಿಗಳು ಮಾತನಾಡುತ್ತಿದ್ದ ಸೀಮೆಗೆ ಈಗ ಮಾತನಾಡತಕ್ಕವರು, ತಲೆಮಾರುಗಳಿಂದ ಆ ತೋಟಗದ್ದೆಗಳಲ್ಲಿ ದುಡಿದ ಜನರ ನಡುವಿನಿಂದ ಬರುತ್ತಾರೆ. ಬೇಲೂರಿನ ಶಿಲ್ಪದಲ್ಲಿ ಇದಕ್ಕೆ ಸ್ಥಳವಿರಲಿಲ್ಲ.

ಹಾಗಾದರೆ ಜಗಲಿಯ ಹಿರಿಯರ ಪ್ರಶ್ನೆಗೆ ಏನು ಉತ್ತರ? ಗದ್ದೆಯ ಆನೆಗೆ ಉತ್ತರ ಕೊಡತಕ್ಕವರು ಯಾರು? ಆನೆಯ ಹೆಜ್ಜೆಯನ್ನು ಹಿಡಿದು ಹೋದರೆ ಇಡೀ ಆಡಳಿತದ ರಚನೆಯನ್ನು ನೋಡಿಬರಬಹುದು. ಬೀದಿಯ ದೀಪ ಉರಿಯುತ್ತಿಲ್ಲ, ಹುಡುಗರು ಶಾಲೆಗೆ ಹೋಗುವ ದಾರಿಯಲ್ಲಿ ಪೊದೆ ಬೆಳೆದಿದೆ ಎಂದರೆ ಅದು ಗ್ರಾಮ ಪಂಚಾಯಿತಿಯ ಕೆಲಸ. ೧೯೯೩ರ ಪಂಚಾಯತ್ ರಾಜ್ ಶಾಸನದಂತೆ ಅದರ ಮೇಲೆ ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿಗಳು ಇರತಕ್ಕದ್ದು. ಮೇಲಿನ ಈ ಎರಡು ಸಂಸ್ಥೆಗಳ ಸದಸ್ಯರ ಅವಧಿ ೨೦೨೧ರಲ್ಲಿ ಮುಗಿದ ಮೇಲೆ ಹಲವು ವರ್ಷಗಳ ಕಾಲ ಚುನಾವಣೆಯೇ ನಡೆಯಲಿಲ್ಲ. ಏಣಿಯ ನಡುವಣ ಮೆಟ್ಟಿಲುಗಳು ಮುರಿದಿದ್ದರೆ ಕೆಳಗಿನವನ ಕೂಗು ಮೇಲಕ್ಕೆ ಮುಟ್ಟುವುದು ಹೇಗೆ? ಬೆಳೆಯ ನಷ್ಟಕ್ಕೆ ಪರಿಹಾರ ಕೊಡತಕ್ಕದ್ದು ರಾಜ್ಯ ಸರ್ಕಾರ. ಆದರೆ ಆನೆಯನ್ನು ಹಿಡಿಯಬೇಕಾದರೆ ರಾಜ್ಯದ ಮಂತ್ರಿಯ ಮಾತೊಂದೇ ಸಾಲದು. ಕೇಂದ್ರದ ಪಾರ್ಲಿಮೆಂಟು ಮಾಡಿದ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಲ್ಲಿ ಆನೆಗೆ ಅತ್ಯುನ್ನತ ರಕ್ಷಣೆಯುಂಟು. ಅದು ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾಗಿದೆಯೆಂದು ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಕಾರಣ ಬರೆದು ಆಜ್ಞೆ ಮಾಡಬೇಕು. ಮೊದಲು ರಾಜ್ಯಗಳಿಗೇ ಸೇರಿದ್ದ ಅರಣ್ಯ, ವನ್ಯಪ್ರಾಣಿಗಳ ವಿಷಯವನ್ನು ೧೯೭೬ರ ರಾಜ್ಯಾಂಗ ತಿದ್ದುಪಡಿಯು ಕೇಂದ್ರ ರಾಜ್ಯಗಳೆರಡಕ್ಕೂ ಸೇರುವಂತೆ ಮಾಡಿತು. ೨೦೧೦ರಲ್ಲಿ ಭಾರತ ಸರ್ಕಾರವು ಆನೆಯನ್ನು ರಾಷ್ಟ್ರೀಯ ಪರಂಪರೆಯ ಪ್ರಾಣಿಯೆಂದು ಸಾರಿತು.

ನ್ಯಾಯಸ್ಥಾನವೂ ಈ ಕಥೆಯಲ್ಲಿ ಬರುತ್ತದೆ. ಕರ್ನಾಟಕದ ಉಚ್ಚ ನ್ಯಾಯಾಲಯದ ಆದೇಶದಿಂದ ರಚಿತವಾದ ಆನೆ ಕಾರ್ಯಪಡೆಯು ೨೦೧೨ರಲ್ಲಿ ವರದಿಯನ್ನು ಒಪ್ಪಿಸಿತು. ಆನೆಯೇ ಮುಖ್ಯವಾಗತಕ್ಕ ಪ್ರದೇಶ, ಆನೆಯೂ ಮನುಷ್ಯನೂ ಹೊಂದಿ ಬಾಳತಕ್ಕ ಪ್ರದೇಶ, ಆನೆಯನ್ನು ತೆಗೆದುಬಿಡತಕ್ಕ ಪ್ರದೇಶ ಎಂದು ಅದು ನಾಡನ್ನು ವಿಭಾಗಿಸಿ ನೋಡಿತು. ಆಲೂರಿನ ಸುತ್ತಿನ ಸೀಮೆ ಮೂರನೆಯ ಬಗೆಯದು. ಅದರಂತೆ ೨೦೧೪ರಲ್ಲಿ ಇಲ್ಲಿ ೨೨ ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ಆನೆಗಳು ಮತ್ತೆ ಬಂದವು. ಕಾಡಿನ ಗಡಿಯನ್ನು ಮನುಷ್ಯನು ಕಾಗದದ ಮೇಲೆ ಬರೆಯುತ್ತಾನೆ. ಆನೆ ಅದನ್ನು ಓದುವುದಿಲ್ಲ.

ಇಷ್ಟು ಅಂಗಗಳು ಇರುವುದು ದೋಷವೆಂದು ನಾವು ಹೇಳುವುದಿಲ್ಲ. ಒಬ್ಬನ ಕೋಪದಿಂದಲೋ ಒಬ್ಬನ ದಯೆಯಿಂದಲೋ ಆನೆಯ ಪ್ರಾಣವಾಗಲಿ ರೈತನ ಅನ್ನವಾಗಲಿ ನಿರ್ಣಯವಾಗಬಾರದು. ಅಧಿಕಾರವನ್ನು ಹಂಚುವುದು ಅದಕ್ಕಾಗಿಯೇ. ಆದರೆ ಹಂಚಿದ ಅಧಿಕಾರದ ಕಷ್ಟವೇನೆಂದರೆ, ಪ್ರತಿಯೊಬ್ಬನೂ ಪಕ್ಕದವನ ಕಡೆಗೆ ಬೆರಳು ತೋರಿಸಲು ಅವಕಾಶವಾಗುತ್ತದೆ. ನಮ್ಮ ಹಿರಿಯರ ಅರ್ಜಿಯಂಥ ಅರ್ಜಿಗಳು ಈ ಬೆರಳುಗಳ ನಡುವೆಯೇ ಅಲೆಯುತ್ತವೆ.

ಲಾಂಛನದ ಆನೆಯೂ ಗದ್ದೆಯ ಆನೆಯೂ ಮುಖಾಮುಖಿಯಾದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಮೈಸೂರಿನ ದಸರೆಯಲ್ಲಿ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನೆಂಬ ಆನೆಯನ್ನು ತಾವೆಲ್ಲರೂ ಬಲ್ಲಿರಿ. ೨೦೧೨ರಿಂದ ೨೦೧೯ರವರೆಗೆ ಎಂಟು ಸಲ ಅವನು ಆ ಭಾರವನ್ನು ಹೊತ್ತು ನಡೆದನು. ಪ್ರಜಾಪ್ರತಿನಿಧಿ ಸಭೆಯೂ ಹಿಂದೆ ಅದೇ ದಸರೆಯಲ್ಲಿ ಕೂಡುತ್ತಿತ್ತೆಂಬುದನ್ನು ಆಗಲೇ ಹೇಳಿದ್ದೇವೆ. ೨೦೨೩ನೆಯ ಡಿಸೆಂಬರ್ ೪ರಂದು, ಕಾಡಾನೆಗಳನ್ನು ಹಿಡಿಯಲು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯಕ್ಕೆ ಕರೆತಂದಿದ್ದ ಅರ್ಜುನನು ಅಲ್ಲಿಯ ಕಾಡಾನೆಯೊಂದಿಗೆ ಹೋರಾಡಿ ಮಡಿದನು. ಅವನನ್ನು ಅಲ್ಲಿಯೇ ದಬ್ಬಳ್ಳಿಕಟ್ಟೆಯಲ್ಲಿ ಮಣ್ಣು ಮಾಡಿದರು. ಸುತ್ತಿನ ಹಳ್ಳಿಗಳ ಜನರು ಬಂದು ಕಣ್ಣೀರಿಟ್ಟರು. ಆನೆಯಿಂದ ಬೆಳೆಯನ್ನು ಕಳೆದುಕೊಂಡವರು ಆನೆಗಾಗಿ ಅತ್ತರು. ಇದರಲ್ಲಿ ವಿರೋಧವೇನೂ ಇಲ್ಲವೆಂದು ಆ ಗುಡ್ಡಗಳನ್ನು ಬಲ್ಲವರು ಒಪ್ಪುತ್ತಾರೆ. ಅವರ ಜಗಳ ಆನೆಯ ಮೇಲಲ್ಲ. ತಮ್ಮನ್ನೂ ಆನೆಯನ್ನೂ ಒಂದೇ ಕಣಿವೆಯಲ್ಲಿ ಬಿಟ್ಟು ಮರೆತುಬಿಡುವುದರ ಮೇಲೆ.

ಮರುದಿನ ಬೆಳಗ್ಗೆ ನಾವು ಹೊರಡುವಾಗ ತೋಟದ ಗೇಟಿನ ಬಳಿ ಹತ್ತು ಹನ್ನೆರಡು ಮಂದಿ ಕೆಲಸದವರು ನಿಂತಿದ್ದರು. ರಾತ್ರಿಯ ಗುಂಪು ತೋಟವನ್ನು ದಾಟಿದ ಸುದ್ದಿ ಬರುವವರೆಗೆ ಒಳಗೆ ಹೋಗುವಂತಿರಲಿಲ್ಲ. ಮಂಜಿನಲ್ಲಿ, ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣಿಸದು. ನಸುಕಿನಲ್ಲಿ ಕಾಲುನಡಿಗೆಯಿಂದ ಕೆಲಸಕ್ಕೆ ಬರುವವರಿಗೇ ಅಪಾಯ ಹೆಚ್ಚು. ಅವರಲ್ಲಿ ಕೆಲವರು ಹೊರನಾಡಿನವರು. ಒಬ್ಬ ತರುಣನು ತಾನು ಜಾರ್ಖಂಡದವನೆಂದು ಹಿಂದಿಯಲ್ಲಿ ಹೇಳಿದನು. ಆನೆಯೆಂದರೆ ಹೆದರಿಕೆಯೆ ಎಂದು ಕೇಳಿದೆವು. ತಮ್ಮೂರಿನಲ್ಲಿಯೂ ಆನೆಗಳುಂಟು, ಅಲ್ಲಿಯೂ ರಾತ್ರಿ ಕಾವಲಿರುತ್ತೇವೆ ಎಂದು ನಕ್ಕನು. ಜಾರ್ಖಂಡ ರಾಜ್ಯದ ಪ್ರಾಣಿಯೂ ಆನೆಯೇ ಎಂಬುದು ನಮಗೆ ಆಗ ನೆನಪಾಯಿತು. ಎರಡು ರಾಜ್ಯಗಳು ಹೆಮ್ಮೆಯಿಂದ ಆರಿಸಿಕೊಂಡ ಒಂದೇ ಪ್ರಾಣಿ. ಎರಡು ಕಡೆಯೂ ಅದರ ಭಾರವನ್ನು ಹೊತ್ತವನು ಒಬ್ಬನೇ ಮನುಷ್ಯ.

ಅವನ ಹೆಸರು ಮತದಾರರ ಪಟ್ಟಿಯಲ್ಲಿ ಎಲ್ಲಿದೆ ಎಂದು ಕೇಳಿದೆವು. ತನ್ನ ಊರಿನಲ್ಲಿದೆ ಎಂದನು. ಎಲ್ಲಿ ನೆಲೆಸಿದ್ದರೆ ಅಲ್ಲಿ ಹೆಸರನ್ನು ಸೇರಿಸಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಆದರೆ ಕೊಯ್ಲಿನ ಕಾಲಕ್ಕೆ ಬಂದು, ಕೊಯ್ಲು ಮುಗಿದೊಡನೆ ಬೇರೆ ಕೆಲಸವನ್ನು ಹುಡುಕಿಕೊಂಡು ಹೋಗುವವನು ನೆಲೆಯೆಂದು ಯಾವುದನ್ನು ತೋರಿಸಿಯಾನು? ಅವನು ಮತ ಹಾಕುವ ಕ್ಷೇತ್ರದಲ್ಲಿ ಅವನಿಲ್ಲ. ಅವನಿರುವ ಕ್ಷೇತ್ರದಲ್ಲಿ ಅವನಿಗೆ ಮತವಿಲ್ಲ. ಈ ದಾರಿಯ ದೀಪವನ್ನು ಹಚ್ಚಿಸಿಕೊಡಿ ಎಂದು ಗ್ರಾಮ ಸಭೆಯಲ್ಲಿ ಎದ್ದು ಕೇಳಲು ಅವನಿಗೆ ಹಕ್ಕೂ ಇಲ್ಲ, ಭಾಷೆಯೂ ಇಲ್ಲ. ಸಾವೊ ಪಾಲೊ ನಗರದವರು ಮರೆತ ಕೈಗಳನ್ನು ಕುರಿತು ಮರುಗುವ ನಾವು, ಬೆಳಗಿನ ನಮ್ಮ ಕಾಫಿಯ ಹಿಂದೆ ಇರುವ ಈ ಕೈಗಳನ್ನು ಮರೆಯಬಹುದೆ?

ಶ್ರೋತೃಗಳೇ, ಲಾಂಛನಗಳನ್ನು ಹೀನಾಯ ಮಾಡಬೇಕೆಂಬುದು ನಮ್ಮ ಉದ್ದೇಶವಲ್ಲ. ಗಂಡಭೇರುಂಡವನ್ನು ಕಂಡರೆ ನಮಗೂ ಅಭಿಮಾನವುಂಟು. ನಮ್ಮ ಬಸ್ಸಿನ ಮೇಲೂ ಪತ್ರದ ಮೇಲೂ ಅದನ್ನು ನಿತ್ಯವೂ ನೋಡುತ್ತ ಬೆಳೆದವರು ನಾವು. ಆದರೆ ಲಾಂಛನವೆಂದರೆ ರಾಜ್ಯವು ಬರೆದುಕೊಟ್ಟ ಒಂದು ವಾಗ್ದಾನ. ಪತ್ರದ ತಲೆಯ ಮೇಲೆ ಅದು ಅಚ್ಚಾಗಿದ್ದರೆ, ಆ ಪತ್ರಕ್ಕೆ ಉತ್ತರವಾದಿಯಾದವನೊಬ್ಬನು ಇದ್ದಾನೆಂದು ಅರ್ಥ. ಗ್ರಾಮ ಪಂಚಾಯಿತಿಯಿಂದ ಪಾರ್ಲಿಮೆಂಟಿನವರೆಗೆ ನಾವು ಕಟ್ಟಿಕೊಂಡ ಏಣಿಯೆಲ್ಲ ಆ ವಾಗ್ದಾನವನ್ನು ನಡೆಸುವುದಕ್ಕಾಗಿ ಇದೆ. ಏಣಿಯ ಮೆಟ್ಟಿಲುಗಳು ಗಟ್ಟಿಯಾಗಿವೆಯೆ, ಕೆಳಗಿನ ಮೆಟ್ಟಿಲು ನಿಜವಾಗಿಯೂ ನೆಲವನ್ನು ಮುಟ್ಟಿದೆಯೆ ಎಂದು ನೋಡುತ್ತಿರತಕ್ಕದ್ದು ನಗರದಲ್ಲಿ ಕುಳಿತು ಓದುಬರಹವನ್ನು ಬಲ್ಲ ನಮ್ಮ ನಿಮ್ಮಂಥವರ ಕರ್ತವ್ಯ.

ಕಾಗದದ ಆನೆಗೆ ಅರ್ಜಿ ಬರೆದರೆ ಗದ್ದೆಯ ಆನೆ ಎದ್ದುಹೋಗುವುದೆ? ತಾನಾಗಿ ಹೋಗದು. ಆದರೆ ಆ ಅರ್ಜಿಯನ್ನು ಓದತಕ್ಕವನು ಇದ್ದಾನೆ, ಓದದಿದ್ದರೆ ಅವನನ್ನು ಕೇಳತಕ್ಕ ಸಭೆಯಿದೆ, ಆ ಸಭೆಯನ್ನು ಆರಿಸತಕ್ಕ ಮತ ಆ ಹಿರಿಯರ ಕೈಯಲ್ಲಿದೆ. ೧೮೮೧ರಿಂದ ನಡೆದುಬಂದ ದಾರಿಯ ಫಲ ಇಷ್ಟು. ಗೇಟಿನ ಬಳಿ ನಿಂತಿದ್ದ ಆ ತರುಣನ ಕೈಗೂ ಅದು ದೊರೆಯುವವರೆಗೆ ನಮ್ಮ ದಾರಿ ಮುಗಿಯಲಿಲ್ಲವೆಂದೇ ತಿಳಿಯಬೇಕು.